ತಾಯಿಯ ಹಾಲಿನ ಚರಿತ್ರೆ

ಅರಸರ ಪಟ್ಟಾಭಿಷೇಕಗಳಿಗೂ ದಂಡಯಾತ್ರೆಗಳಿಗೂ ಚರಿತ್ರೆಯುಂಟೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ತಾಯಿಯು ತನ್ನ ಕೂಸಿಗೆ ಹಾಲೂಡುವ ಕಾರ್ಯಕ್ಕೂ ಒಂದು ಚರಿತ್ರೆಯುಂಟು ಎಂದರೆ ಕೇಳಿದವರು ಸೋಜಿಗಪಡಬಹುದು. ಹಸು ಕರುವಿಗೆ ಊಡುತ್ತದೆ, ಬೆಕ್ಕು ಮರಿಗಳಿಗೆ ಊಡುತ್ತದೆ, ಹೆಂಗಸು ತನ್ನ ಕೂಸಿಗೆ ಊಡುತ್ತಾಳೆ. ಇದರಲ್ಲಿ ಇಸವಿ ಹಾಕಿ ಬರೆದಿಡತಕ್ಕ ವಿಷಯವೇನಿದೆ ಎಂದು ಕೇಳುವುದು ಸಹಜ. ಸ್ವೀಡನ್ ದೇಶದ ಲಿನೇಯಸ್ ಎಂಬ ಪಂಡಿತನು 1758ರಲ್ಲಿ ಪ್ರಾಣಿಕೋಟಿಯನ್ನು ವಿಂಗಡಿಸುವಾಗ ಮನುಷ್ಯನೂ ಬಾವಲಿಯೂ ತಿಮಿಂಗಿಲವೂ ಸೇರಿದ ವರ್ಗಕ್ಕೆ ಮೊಲೆಯಿಂದಲೇ ಹೆಸರಿಟ್ಟನು. ನಮ್ಮ ಶಾಸ್ತ್ರಪಾಠಗಳಲ್ಲಿ ಬರುವ ‘ಸಸ್ತನಿ’ ಎಂಬ ಮಾತು ಆ ಹೆಸರಿಗೆ ಸಂವಾದಿಯಾದುದು. ಮೊಲೆಯೂಡುವುದು ನಮ್ಮ ಜಾತಿಲಕ್ಷಣವೇ ಆಗಿರುವಾಗ ಅದಕ್ಕೆ ಚರಿತ್ರೆ ಎಲ್ಲಿಂದ ಬಂದೀತು?

ಇದಕ್ಕೆ ಉತ್ತರವನ್ನು ಲಿನೇಯಸನೇ ಕೊಟ್ಟಿದ್ದಾನೆ. ಆ ಹೆಸರನ್ನಿಡುವುದಕ್ಕೆ ಆರು ವರ್ಷ ಮೊದಲು, 1752ರಲ್ಲಿ, ಹೆತ್ತ ತಾಯಿಯರು ಕೂಸುಗಳನ್ನು ಕೂಲಿಯ ದಾದಿಯರಿಗೆ ಒಪ್ಪಿಸುವ ಪದ್ಧತಿಯನ್ನು ಖಂಡಿಸಿ ಅವನು ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಹೊರಡಿಸಿದನು. ಪ್ರಕೃತಿಯೇ ಎಲ್ಲವನ್ನೂ ನಡೆಸಿಕೊಂಡು ಹೋಗುತ್ತಿದ್ದ ಪಕ್ಷದಲ್ಲಿ ಪಂಡಿತನೊಬ್ಬನು ತಾಯಂದಿರಿಗೆ ಬುದ್ಧಿ ಹೇಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಹಸುವಿಗೂ ಬೆಕ್ಕಿಗೂ ಯಾರೂ ಇಂಥ ಪ್ರಬಂಧವನ್ನು ಬರೆದಿಲ್ಲವಷ್ಟೆ.

ತಾಯಿ ಹಾಲೂಡದೆ ಹೋದಾಗಲೆಲ್ಲ ಆಯಾ ಕಾಲದ ದೊಡ್ಡವರು ತಾಯಿಯನ್ನೇ ದೂರಿದ್ದಾರೆ. ಒಬ್ಬರು ಅದು ಶೋಕಿಯೆಂದರು, ಇನ್ನೊಬ್ಬರು ಸೋಮಾರಿತನವೆಂದರು, ಮತ್ತೊಬ್ಬರು ವಾತ್ಸಲ್ಯದ ಕೊರತೆಯೆಂದರು. ಕಾಗದಪತ್ರಗಳನ್ನು ತೆರೆದು ನೋಡಿದರೆ ಬೇರೆಯೇ ಒಂದು ಕಥೆ ಕಾಣುತ್ತದೆ. ಕೂಸಿಗೆ ಯಾರು ಊಡಬೇಕು, ಯಾವಾಗ ಊಡಬೇಕು, ಎಷ್ಟು ಕಾಲ ಊಡಬೇಕು ಎಂಬುದನ್ನು ತಾಯಿಯ ಮನಸ್ಸೊಂದೇ ನಿರ್ಣಯಿಸಿದ ಕಾಲ ಬಹು ಕಡಮೆ. ಅವಳ ದುಡಿಮೆ, ಅವಳ ಕೂಲಿ, ಹಾಸಿಗೆಯ ಸುತ್ತ ನಿಂತ ಬಂಧುಗಳು, ಆ ಕಾಲದ ವೈದ್ಯರ ಅಭಿಪ್ರಾಯ, ಅಂಗಡಿಯಲ್ಲಿ ಮಾರುತ್ತಿದ್ದ ಸರಕು, ಇವೆಲ್ಲವೂ ಸೇರಿ ನಿರ್ಣಯಿಸಿವೆ. ಈ ಮಾತನ್ನು ಕೆಲವು ನಿದರ್ಶನಗಳಿಂದ ಸ್ಥಾಪಿಸಲು ಯತ್ನಿಸುವೆವು.

ಮೊದಲು ವೈದ್ಯರ ಅಭಿಪ್ರಾಯವನ್ನು ತೆಗೆದುಕೊಳ್ಳೋಣ. ಹೆರಿಗೆಯಾದ ಮೊದಲ ಎರಡು ಮೂರು ದಿನಗಳಲ್ಲಿ ತಾಯಿಗೆ ಬರುವುದು ಹಳದಿ ಛಾಯೆಯ, ಗಟ್ಟಿಯಾದ, ಅಲ್ಪ ಪ್ರಮಾಣದ ಹಾಲು. ರೋಗನಿರೋಧಕ ದ್ರವ್ಯಗಳು ಅದರಲ್ಲಿ ಹೇರಳವಾಗಿರುತ್ತವೆಯೆಂದೂ, ಕೂಸಿಗೆ ಅದೇ ಮೊದಲನೆಯ ರಕ್ಷೆಯೆಂದೂ ಇಂದಿನ ವೈದ್ಯಶಾಸ್ತ್ರವು ನಿಸ್ಸಂದೇಹವಾಗಿ ಹೇಳುತ್ತದೆ. ಪ್ರಾಚೀನರು ಹಾಗೆ ಭಾವಿಸಲಿಲ್ಲ. ಕ್ರಿಸ್ತಶಕ ಎರಡನೆಯ ಶತಮಾನದ ಸುಮಾರಿನಲ್ಲಿ ರೋಮಿನಲ್ಲಿದ್ದ ಸೊರೇನಸ್ ಎಂಬ ಗ್ರೀಕ್ ವೈದ್ಯನು, ಹೆರಿಗೆಯಿಂದ ಬಳಲಿದ ತಾಯಿಯ ಹಾಲು ಇಪ್ಪತ್ತು ದಿನಗಳವರೆಗೂ ಕೂಸಿಗೆ ಒಗ್ಗುವುದಿಲ್ಲವೆಂದು ತಿಳಿದು, ಮೊದಲು ಜೇನನ್ನು ನೆಕ್ಕಿಸಿ ಬಳಿಕ ಬೇರೊಬ್ಬಳಿಂದ ಊಡಿಸಬೇಕೆಂದನು. ನಮ್ಮ ಸುಶ್ರುತ ಸಂಹಿತೆಯಲ್ಲಿ, ಹೃದಯದಲ್ಲಿರುವ ಧಮನಿಗಳು ತೆರೆದುಕೊಂಡು ಮೂರು ನಾಲ್ಕು ರಾತ್ರಿಗಳ ಮೇಲೆ ಸ್ತನ್ಯವು ಪ್ರವರ್ತಿಸುತ್ತದೆಯೆಂದು ಹೇಳಿ, ಅದುವರೆಗೆ ಜೇನುತುಪ್ಪಗಳ ಪ್ರಾಶನವನ್ನು ವಿಧಿಸಲಾಗಿದೆ. ಚರಕ ಸಂಹಿತೆಯ ಕ್ರಮ ಸ್ವಲ್ಪ ಬೇರೆ. ಅಲ್ಲಿ ಜಾತಕರ್ಮದ ಜೇನುತುಪ್ಪಗಳಾದೊಡನೆಯೇ ಬಲಸ್ತನವನ್ನು ಮೊದಲು ಕೊಡಬೇಕೆಂಬ ವಿಧಿಯುಂಟು. ಹೀಗೆ ನಮ್ಮ ಆಚಾರ್ಯರಲ್ಲಿಯೇ ಒಮ್ಮತವಿರಲಿಲ್ಲ. ಆದರೆ ಲೋಕದ ರೂಢಿಯು ಬಹುಮಟ್ಟಿಗೆ ತಡಮಾಡುವ ಪಕ್ಷವನ್ನೇ ಹಿಡಿಯಿತು.

ಈ ರೂಢಿಯ ವಿಚಿತ್ರವು ನಮ್ಮ ಕನ್ನಡ ನಾಡಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಅಪರೂಪ. ಹಸು ಎಮ್ಮೆಗಳು ಈದಾಗ ಮೊದಲು ಕರೆಯುವ ಹಾಲಿಗೆ ನಾವು ಗಿಣ್ಣು ಎನ್ನುತ್ತೇವೆ. ಅದಕ್ಕೆ ಬೆಲ್ಲವನ್ನೂ ಏಲಕ್ಕಿಯನ್ನೂ ಹಾಕಿ ಬೇಯಿಸಿ, ನೆರೆಮನೆಗೂ ಕಳುಹಿಸಿ, ಆದರದಿಂದ ತಿನ್ನುತ್ತೇವೆ. ಕರುವಿನ ಪಾಲನ್ನು ಹೀಗೆ ಅಮೃತವೆಂದು ಬಗೆದ ಮನೆಗಳಲ್ಲಿಯೇ, ಬಾಣಂತಿಯ ಗಿಣ್ಣುಹಾಲು ಕೂಸಿಗೆ ಕೆಟ್ಟದ್ದೆಂದು ಹಿಂಡಿ ಚೆಲ್ಲಿದ್ದಾರೆ. ಅದರ ಸ್ಥಾನದಲ್ಲಿ ಒಳಲೆಯಲ್ಲಿ ಸಕ್ಕರೆ ನೀರು, ಬೆರಳಿನ ತುದಿಯಲ್ಲಿ ಜೇನು, ಹೊಟ್ಟೆ ಶುದ್ಧಿಗೆಂದು ಹರಳೆಣ್ಣೆ ಇವು ಬಂದವು. ಇದು ನಮ್ಮ ಅಜ್ಜಿಯರ ಅಜ್ಞಾನವೆಂದು ನಗುವವರು ಇಂಗ್ಲೆಂಡಿನ ಸುದ್ದಿಯನ್ನೂ ಕೇಳಬೇಕು. ಲಂಡನ್ ನಗರದ ಅನಾಥ ಶಿಶುಗಳ ಆಸ್ಪತ್ರೆಯವರಿಗಾಗಿ ವಿಲಿಯಂ ಕ್ಯಾಡೊಗನ್ ಎಂಬ ವೈದ್ಯನು 1748ರಲ್ಲಿ ಶಿಶುಪೋಷಣೆಯನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ಹುಟ್ಟಿದ ಕೂಡಲೆ ಮಗುವಿನ ಗಂಟಲಿಗೆ ಬೆಣ್ಣೆ ಸಕ್ಕರೆ ಎಣ್ಣೆಗಳನ್ನು ತುರುಕುತ್ತಿದ್ದ ತನ್ನ ದೇಶದ ಚಾಳಿಯನ್ನು ಅವನು ಅದರಲ್ಲಿ ಹಾಸ್ಯಮಾಡಿದ್ದಾನೆ. ಬಾಣಂತಿಯ ಕೋಣೆಯಲ್ಲಿ ಹಿರಿಯ ಹೆಂಗಸರು ನಡೆಸುತ್ತಿದ್ದ ರೂಢಿಯೂ ಪಂಡಿತರ ಗ್ರಂಥದಲ್ಲಿದ್ದ ಮಾತೂ ಎಷ್ಟೋ ಶತಮಾನ ಒಂದೇ ಆಗಿದ್ದುವೆಂಬುದನ್ನು ನಾವು ಮರೆಯಲಾಗದು. ಈ ವಿಷಯದಲ್ಲಿ ತಾಯಿಯನ್ನು ಕೇಳಿದವರೇ ಇರಲಿಲ್ಲ.

ಇನ್ನು ದುಡಿಮೆಯ ಮಾತು. ಇದಕ್ಕೆ ಹದಿನೆಂಟನೆಯ ಶತಮಾನದ ಪ್ಯಾರಿಸ್ ನಗರಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಆ ನಗರದ ಪೋಲೀಸು ಮುಖ್ಯಾಧಿಕಾರಿಯಾಗಿದ್ದ ಲೆನ್ವಾರ್ ಎಂಬುವನು 1780ರಲ್ಲಿ ಒಂದು ಲೆಕ್ಕವನ್ನು ಕೊಟ್ಟಿದ್ದಾನೆ. ಪ್ಯಾರಿಸಿನಲ್ಲಿ ವರ್ಷಕ್ಕೆ ಸುಮಾರು 21,000 ಮಕ್ಕಳು ಹುಟ್ಟುತ್ತಿದ್ದರು. ಅವರಲ್ಲಿ ಹೆತ್ತ ತಾಯಿಯ ಹಾಲನ್ನು ಕುಡಿದು ಬೆಳೆಯುತ್ತಿದ್ದವರು 1,000ಕ್ಕೂ ಕಡಮೆ. ಮನೆಯಲ್ಲಿಯೇ ದಾದಿಯನ್ನಿಟ್ಟುಕೊಂಡ ಶ್ರೀಮಂತರ ಮಕ್ಕಳು ಮತ್ತೊಂದು ಸಾವಿರ. ಎರಡು ಮೂರು ಸಾವಿರ ಮಕ್ಕಳು ನಗರದ ಅಂಚಿನ ಊರುಗಳಿಗೆ ಹೋಗುತ್ತಿದ್ದರು. ಮಿಕ್ಕ 17,000 ಕೂಸುಗಳನ್ನು ದೂರದೂರದ ಹಳ್ಳಿಗಳಲ್ಲಿದ್ದ ರೈತರ ಹೆಂಡಿರಿಗೆ ಹಾಲೂಡಲು ಒಪ್ಪಿಸಲಾಗುತ್ತಿತ್ತು.

ಈ ಲೆಕ್ಕವನ್ನು ಓದಿದವರಿಗೆ ಪ್ಯಾರಿಸಿನ ಹೆಂಗಸರೆಲ್ಲ ನಾಟಕಶಾಲೆಗೂ ನೃತ್ಯಕೂಟಕ್ಕೂ ಹೋಗುವ ವಿಲಾಸಿನಿಯರೆಂದು ತೋರಬಹುದು. ಆದರೆ ಅಂಥವರು ಕೆಲವು ಸಾವಿರ ಮಾತ್ರ. ಹಳ್ಳಿಗೆ ಹೋದ ಮಕ್ಕಳಲ್ಲಿ ಬಹುಮಂದಿ ಅಂಗಡಿಕಾರರ, ಕಸುಬುದಾರರ, ದಿನಗೂಲಿಯವರ ಮಕ್ಕಳು. ಗಂಡನೊಡನೆ ಹೆಂಡತಿಯೂ ಅಂಗಡಿಯಲ್ಲಿ ಕುಳಿತರೆ, ಹೊಲಿದರೆ, ನೇಯ್ದರೆ ಮಾತ್ರ ಬಾಡಿಗೆಯೂ ರೊಟ್ಟಿಯೂ ಹೊಂದುತ್ತಿದ್ದ ಸಂಸಾರಗಳು ಅವು. ಲಿಯಾನ್ ನಗರದ ರೇಷ್ಮೆ ಕೆಲಸಗಾರರ ಮನೆಗಳಲ್ಲಿಯೂ ಇದೇ ಸ್ಥಿತಿ. ತಾಯಿಯು ಮಗ್ಗದ ಬಳಿಯಿಂದ ಎದ್ದರೆ ಆಗುವ ನಷ್ಟಕ್ಕಿಂತ ಹಳ್ಳಿಯ ದಾದಿಗೆ ಕೊಡುವ ಹಣ ಕಡಮೆ. ಹೀಗಿರಲು ಲೆಕ್ಕವೇ ಮಗುವನ್ನು ಹಳ್ಳಿಗೆ ಕಳುಹಿಸಿತು. ಇದಕ್ಕೆ ಇನ್ನೊಂದು ನಂಬಿಕೆಯೂ ಜೊತೆಗೂಡಿತ್ತು. ಮೊಲೆಯೂಡುವ ಕಾಲದಲ್ಲಿ ದಂಪತಿಗಳು ಸಂಯಮದಿಂದಿರದಿದ್ದರೆ ಹಾಲು ಕೆಡುವುದೆಂದು ಯೂರೋಪಿನ ವೈದ್ಯರು ಬಹುಕಾಲದಿಂದ ಬೋಧಿಸುತ್ತಿದ್ದರು. ಆದಕಾರಣ ಮಗುವನ್ನು ದೂರವಿಡುವಂತೆ ಒತ್ತಾಯಿಸುತ್ತಿದ್ದವರಲ್ಲಿ ಗಂಡಂದಿರೂ ಇದ್ದರು.

ಈ ವ್ಯಾಪಾರವು ಎಷ್ಟು ಬೆಳೆಯಿತೆಂದರೆ, ಅದನ್ನು ಕ್ರಮಪಡಿಸುವುದಕ್ಕಾಗಿ 1769ರಲ್ಲಿ ಸರ್ಕಾರವೇ ಪ್ಯಾರಿಸಿನಲ್ಲಿ ದಾದಿಯರ ಕಚೇರಿಯೊಂದನ್ನು ತೆರೆಯಿತು. ಹಳ್ಳಿಗಳಿಂದ ದಾದಿಯರನ್ನು ಗಾಡಿಗಳಲ್ಲಿ ಕರೆತಂದು, ಅವರೊಡನೆ ಕೂಸುಗಳನ್ನು ಕೊಂಡೊಯ್ಯುವ ದಳ್ಳಾಳಿಗಳಿದ್ದರು. ಚಳಿಯಲ್ಲಿ, ಮುಚ್ಚಿಗೆಯಿಲ್ಲದ ಗಾಡಿಯಲ್ಲಿ, ಹುಟ್ಟಿದ ಕೆಲವೇ ದಿನಗಳ ಮಕ್ಕಳು ಹತ್ತಾರು ಹರಿದಾರಿ ಪ್ರಯಾಣಮಾಡಿದವು, ಅನೇಕವು ಹಿಂದಿರುಗಲಿಲ್ಲ. ದಾದಿಯ ಸ್ವಂತ ಕೂಸಿನ ಗತಿಯನ್ನಂತೂ ಯಾವ ಕಚೇರಿಯೂ ಬಹುಕಾಲ ಲೆಕ್ಕವಿಡಲಿಲ್ಲ. ಹಣ ಕೊಡುವವರ ಮಗುವಿಗೆ ಹಾಲು, ತನ್ನ ಮಗುವಿಗೆ ಗಂಜಿ. ಇದೇ ಆ ವ್ಯಾಪಾರದ ಒಳಗುಟ್ಟು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊರ್ವಾಂ ಎಂಬ ಗುಡ್ಡನಾಡಿನ ಹೆಂಗಸರು ಪ್ಯಾರಿಸಿನ ಶ್ರೀಮಂತರ ಮನೆಗಳಲ್ಲಿ ದಾದಿಯರಾಗಿ ನಿಂತು ಹಣ ಕಳುಹಿಸಿದರು. ಆ ಹಣದಿಂದ ಊರಿನಲ್ಲಿ ಎದ್ದ ಮನೆಗಳಿಗೆ ಅಲ್ಲಿಯ ಜನರು ‘ಹಾಲಿನ ಮನೆಗಳು’ ಎಂದೇ ಹೆಸರಿಟ್ಟರು. ತಾಯಿಯೊಬ್ಬಳು ತನ್ನ ಕೂಸನ್ನು ಬಿಟ್ಟುಬಂದುದರ ಬೆಲೆ ಆ ಕಲ್ಲುಗೋಡೆಗಳಲ್ಲಿ ಅಡಗಿದೆ.

ಇಂಥ ಕಾಲದಲ್ಲಿಯೇ ರೂಸೋ ಎಂಬ ತತ್ತ್ವಜ್ಞಾನಿಯು 1762ರಲ್ಲಿ ‘ಎಮೀಲ್’ ಎಂಬ ತನ್ನ ಶಿಕ್ಷಣಗ್ರಂಥವನ್ನು ಪ್ರಕಟಿಸಿದನು. ತಾಯಂದಿರು ತಾವೇ ಮಕ್ಕಳಿಗೆ ಹಾಲೂಡಿದರೆ ನಡತೆಯೂ ಸಂಸಾರವೂ ರಾಜ್ಯವೂ ಸುಧಾರಿಸುವುವೆಂಬುದು ಅವನ ವಾದ. ಆ ಗ್ರಂಥವು ದೊಡ್ಡ ಮನೆತನಗಳಲ್ಲಿ ಸಂಚಲನವನ್ನುಂಟುಮಾಡಿತು. ಕುಲೀನ ಸ್ತ್ರೀಯರು ಕೆಲವರು ಮೊಲೆಯೂಡುವುದನ್ನೇ ಒಂದು ಹೊಸ ಶೋಕಿಯಾಗಿ ಸ್ವೀಕರಿಸಿದರು. ರೂಸೋ ತನ್ನ ಐವರು ಮಕ್ಕಳನ್ನೂ ಅನಾಥಾಲಯಕ್ಕೆ ಸೇರಿಸಿದವನೆಂಬುದು ಪ್ರಸಿದ್ಧವಾದ ಸಂಗತಿ. ಆದರೆ ನಾವು ಗಮನಿಸತಕ್ಕದ್ದು ಅವನ ನಡತೆಯನ್ನಲ್ಲ, ಅವನ ಉಪದೇಶದ ಫಲವನ್ನು. ಲೆನ್ವಾರನ ಲೆಕ್ಕ ಹೊರಬಿದ್ದುದು ‘ಎಮೀಲ್’ ಪ್ರಕಟವಾಗಿ ಹದಿನೆಂಟು ವರ್ಷಗಳಾದ ಮೇಲೆ ಎಂಬುದನ್ನು ನೆನೆದರೆ ಸಾಕು. ಪುಸ್ತಕವು ಓದುವ ಬಿಡುವುಳ್ಳವಳನ್ನು ಮುಟ್ಟಿತು. ಮಗ್ಗದ ಮುಂದೆ ಕುಳಿತವಳನ್ನು ಮುಟ್ಟಲಿಲ್ಲ. ಪ್ರಷ್ಯಾ ದೇಶದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆರೋಗ್ಯವುಳ್ಳ ತಾಯಿ ತನ್ನ ಮಗುವಿಗೆ ತಾನೇ ಹಾಲೂಡತಕ್ಕದ್ದೆಂದು 1794ರ ಶಾಸನ ಸಂಹಿತೆಯಲ್ಲಿಯೇ ಬರೆದರು. ಎಷ್ಟು ಕಾಲ ಊಡಬೇಕೆಂಬುದನ್ನು ತೀರ್ಮಾನಿಸುವ ಅಧಿಕಾರವನ್ನು ಮಾತ್ರ ತಂದೆಗೆ ಕೊಟ್ಟರು!

ಉಪದೇಶಕ್ಕಿಂತ ಬೇರೆಯಾದ ದಾರಿಯನ್ನು ಕಂಡವನು ಒಬ್ಬ ನಾಟಕಕಾರ. ‘ಫಿಗಾರೋವಿನ ಮದುವೆ’ ಎಂಬ ನಾಟಕದಿಂದ 1784ರಲ್ಲಿ ಪ್ಯಾರಿಸನ್ನೇ ನಗಿಸಿದ ಬೋಮಾರ್ಶೆಯು, ಆ ನಾಟಕದ ಆದಾಯದಲ್ಲಿ ಒಂದು ಭಾಗವನ್ನು ತಾವೇ ಹಾಲೂಡುವ ಬಡ ತಾಯಂದಿರ ಸಹಾಯಕ್ಕೆ ಕೊಡುವುದಾಗಿ ಸಾರಿದನು. ರಾಜಧಾನಿಯಲ್ಲಿ ಈ ಏರ್ಪಾಡು ನೆಲೆಗೊಳ್ಳಲಿಲ್ಲವಾದರೂ, ಅವನ ಸಹಾಯದಿಂದ ಲಿಯಾನ್ ನಗರದಲ್ಲಿ ಅಂಥದೊಂದು ಸಂಸ್ಥೆ ಹುಟ್ಟಿತು. 1788ರಲ್ಲಿ ಪ್ಯಾರಿಸಿನಲ್ಲಿಯೂ ಬಡ ತಾಯಂದಿರ ನೆರವಿಗಾಗಿ ಒಂದು ಧರ್ಮಸಂಘ ಸ್ಥಾಪಿತವಾಯಿತು. ತಾಯಿಗೆ ಕರ್ತವ್ಯವನ್ನು ಬೋಧಿಸುವುದರ ಬದಲು, ಅವಳು ಕಳೆದುಕೊಳ್ಳುವ ಕೂಲಿಯನ್ನು ತುಂಬಿಕೊಡಬೇಕೆಂಬುದು ಇವರ ತತ್ತ್ವ. ಇಂದು ನಾವು ಹೆರಿಗೆ ಭತ್ಯೆಯೆಂದು ಕರೆಯುವುದರ ಬೀಜ ಇಲ್ಲಿದೆಯೆಂದು ಹೇಳಿದರೆ ತಪ್ಪಾಗಲಾರದು. ದಾದಿಯರ ಪದ್ಧತಿಯು ಮಾತ್ರ ಮತ್ತೊಂದು ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. ತಿಯೊಫೀಲ್ ರೂಸೆಲ್ ಎಂಬ ವೈದ್ಯ ಶಾಸಕನ ಪ್ರಯತ್ನದಿಂದ 1874ರಲ್ಲಿ ದಾದಿಯರ ವಶದಲ್ಲಿದ್ದ ಶಿಶುಗಳ ಮೇಲೆ ಸರ್ಕಾರದ ಮೇಲ್ವಿಚಾರಣೆ ಏರ್ಪಟ್ಟಿತು. ಮೊದಲನೆಯ ಮಹಾಯುದ್ಧದ ವೇಳೆಗೆ ಆ ಪದ್ಧತಿ ಬಹುಮಟ್ಟಿಗೆ ಮುಗಿಯಿತು.

ದುಡಿಮೆಗೂ ಹಾಲಿಗೂ ಇರುವ ಸಂಬಂಧವನ್ನು ತೋರಿಸುವ ಎರಡು ಪ್ರಸಂಗಗಳು ಚರಿತ್ರೆಯಲ್ಲಿ ತಾವಾಗಿಯೇ ಒದಗಿವೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದುದರಿಂದ ಹತ್ತಿಯ ಸರಬರಾಜು ನಿಂತು, ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಗಿರಣಿಗಳು ಮುಚ್ಚಿದುವು. ಕೂಲಿಗಾರರು ಹಸಿವಿನಿಂದ ಬಳಲಿದರು. ಮಕ್ಕಳು ಹೆಚ್ಚಾಗಿ ಸಾಯಬೇಕಾಗಿದ್ದ ಕಾಲವದು. ಆದರೆ ಶಿಶುಮರಣ ಕಡಮೆಯಾದುದನ್ನು ಅಂದಿನ ವೈದ್ಯರು ಬೆರಗಿನಿಂದ ಗುರುತಿಸಿದರು. ಗಿರಣಿಗೆ ಹೋಗುತ್ತಿದ್ದ ತಾಯಿ ಮನೆಯಲ್ಲಿದ್ದಳು. ಕೂಸಿಗೆ ಅಳು ನಿಲ್ಲಿಸುವ ಅಫೀಮಿನ ಔಷಧಕ್ಕೂ ನೆರೆಯವಳು ತಿನ್ನಿಸುವ ನೆನೆಸಿದ ರೊಟ್ಟಿಗೂ ಬದಲಾಗಿ ಎದೆಹಾಲು ದೊರೆಯಿತು. 1870–71ರಲ್ಲಿ ಪ್ರಷ್ಯದವರು ಪ್ಯಾರಿಸಿಗೆ ಮುತ್ತಿಗೆ ಹಾಕಿದಾಗಲೂ ಹೀಗೆಯೇ ಆಯಿತೆಂದು ವೈದ್ಯರು ಬರೆದಿದ್ದಾರೆ. ಹಸುವಿನ ಹಾಲಿಲ್ಲ, ಹಳ್ಳಿಗೆ ದಾರಿಯಿಲ್ಲ. ದೊಡ್ಡವರ ಮರಣ ಏರಿತು, ಹಾಲು ಕುಡಿಯುವ ಕೂಸುಗಳ ಮರಣ ಇಳಿಯಿತು. ಈ ಎರಡು ಊರುಗಳ ತಾಯಂದಿರಿಗೆ ಹಠಾತ್ತಾಗಿ ವಾತ್ಸಲ್ಯ ಹುಟ್ಟಿತೆಂದು ಹೇಳಲಾದೀತೆ? ಹುಟ್ಟಿದ್ದು ಬಿಡುವು. ಬಿಡುವು ಕೊಟ್ಟದ್ದು ಮಾತ್ರ ದಾರಿದ್ರ್ಯ ಮತ್ತು ಯುದ್ಧ ಎಂಬುದು ಆ ಕಾಲದ ದೌರ್ಭಾಗ್ಯ.

ಹೀಗೆ ದುಡಿಮೆಗೆ ಹೋದ ತಾಯಿಯ ಜಾಗವನ್ನು ತುಂಬಲು ಆ ಶತಮಾನದಲ್ಲಿ ಒಂದು ಹೊಸ ಸರಕು ಬಂದಿತು. ಅಮೆರಿಕದ ಗೇಲ್ ಬೋರ್ಡನ್ ಎಂಬುವನು ಹಾಲನ್ನು ಇಂಗಿಸಿ ಡಬ್ಬಿಯಲ್ಲಿ ತುಂಬುವ ಕ್ರಮಕ್ಕೆ 1856ರಲ್ಲಿ ಹಕ್ಕುಪತ್ರವನ್ನು ಪಡೆದನು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1860ರ ದಶಕದಲ್ಲಿ ಶಿಶುಗಳಿಗೆಂದು ಒಂದು ಕೃತಕ ಆಹಾರವನ್ನು ಕಲ್ಪಿಸಿದನು. 1867ರಲ್ಲಿ ಸ್ವಿಟ್ಸರ್ಲೆಂಡಿನ ವೆವೇ ಎಂಬ ಊರಿನಲ್ಲಿ ಆಂರಿ ನೆಸ್ಲೆಯು ಹಾಲು, ಗೋಧಿಹಿಟ್ಟು, ಸಕ್ಕರೆಗಳ ಪುಡಿಯನ್ನು ಮಾರಲಾರಂಭಿಸಿದನು. ಇವರ ಉದ್ದೇಶ ಕೆಟ್ಟದ್ದೆಂದು ಹೇಳುವ ಹಾಗಿಲ್ಲ. ತಾಯಿ ಸತ್ತ ಕೂಸಿಗೂ ಹಾಲು ಬಾರದ ತಾಯಿಯ ಕೂಸಿಗೂ ಅಂದು ಬೇರೆ ಗತಿಯಿರಲಿಲ್ಲ. ಆದರೆ ಆ ಸರಕು ಅಷ್ಟಕ್ಕೇ ನಿಲ್ಲಲಿಲ್ಲ. ಅದನ್ನು ಕುಡಿಸಲು ಬಂದ ಸೀಸೆಗಳಲ್ಲಿ ಉದ್ದನೆಯ ರಬ್ಬರು ಕೊಳವೆಯುಳ್ಳದ್ದೊಂದು ಬಹಳ ಪ್ರಚಾರಕ್ಕೆ ಬಂದಿತು. ಕೂಸನ್ನು ಮಲಗಿಸಿ ಕೊಳವೆಯನ್ನು ಬಾಯಿಗಿಟ್ಟರೆ ತಾಯಿ ಬೇರೆ ಕೆಲಸಕ್ಕೆ ಹೋಗಬಹುದಾಗಿತ್ತು. ಕೊಳವೆಯ ಒಳಗನ್ನು ತೊಳೆಯಲು ಮಾತ್ರ ಸಾಧ್ಯವಿರಲಿಲ್ಲ. ರೋಗಾಣುಗಳಿಗೆ ಅದೊಂದು ತವರುಮನೆಯಾಯಿತು. ಸಾವಿರಾರು ಶಿಶುಗಳು ಭೇದಿಯಿಂದ ಸತ್ತಮೇಲೆ 1910ರಲ್ಲಿ ಫ್ರಾನ್ಸಿನವರು ಆ ಸೀಸೆಯನ್ನು ಶಾಸನದಿಂದ ನಿಷೇಧಿಸಿದರು. ಅಷ್ಟರಲ್ಲಿ ಅಲ್ಲಿಯ ಪಿಯೆರ್ ಬುದಾಂ ಎಂಬ ವೈದ್ಯನು 1892ರಲ್ಲಿಯೇ ತಾಯಂದಿರು ಹೆರಿಗೆಯ ತರುವಾಯವೂ ಕೂಸುಗಳನ್ನು ಕರೆತಂದು ತೂಗಿಸಿ, ಸಲಹೆ ಪಡೆದು ಹೋಗುವ ಏರ್ಪಾಡನ್ನು ತನ್ನ ಆಸ್ಪತ್ರೆಯಲ್ಲಿ ಮಾಡಿ, ಎದೆಹಾಲೂಡಲು ತಾಯಂದಿರಿಗೆ ಬೆಂಬಲ ಕೊಟ್ಟಿದ್ದನು.

ಸರಕಿನ ಬೆನ್ನಿಗೆ ಗಡಿಯಾರ ಬಂದಿತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಮೊದಲಾದ ವೈದ್ಯರು, ಕೂಸಿಗೆ ನಾಲ್ಕು ಗಂಟೆಗೊಮ್ಮೆ ನಿಯಮಿತವಾಗಿ ಊಡಬೇಕೆಂದೂ ರಾತ್ರಿ ಊಡಲಾಗದೆಂದೂ ಬೋಧಿಸಿದರು. ಇವರು ಎದೆಹಾಲಿನ ಪಕ್ಷಪಾತಿಗಳೇ. ಆದರೆ ಅವರ ಗಡಿಯಾರವು ಎದೆಹಾಲಿಗೆ ವಿರೋಧಿಯಾಯಿತು. ಹೇಗೆಂದರೆ, ಕೂಸು ಚೀಪಿದಂತೆಲ್ಲ ತಾಯಿಯ ಮೆದುಳಿನ ತಳದಲ್ಲಿರುವ ಗ್ರಂಥಿಯಿಂದ ಎರಡು ರಸಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ಉತ್ಪಾದಿಸುತ್ತದೆ. ಆಕ್ಸಿಟೋಸಿನ್ ಎಂಬುದು ಹಾಲನ್ನು ಹೊರಕ್ಕೆ ಹರಿಸುತ್ತದೆ. ಕೂಸು ಕುಡಿದಷ್ಟೂ ಹಾಲು ಹೆಚ್ಚು. ಕುಡಿಯದೆ ಬಿಟ್ಟಷ್ಟೂ ಕಡಮೆ. ಬಾವಿಯ ನೀರು ಸೇದಿದಷ್ಟೂ ಊರುವಂತೆ ಇದು. ನಿಯಮ ತಪ್ಪದೆ ಗಡಿಯಾರ ನೋಡಿ ಊಡಿದ ತಾಯಿಗೆ ಹಾಲು ಬತ್ತಿತು, ತನ್ನ ದೇಹವೇ ಸಾಲದೆಂದು ಅವಳು ಭಾವಿಸಿದಳು, ಡಬ್ಬಿ ತೆರೆಯಿತು. ಹಾಲನ್ನು ಹರಿಸುವ ರಸವು ತಾಯಿಯ ಮನಸ್ಸಿನ ಸ್ಥಿತಿಯನ್ನೂ ಅವಲಂಬಿಸಿದೆ. ಭಯ, ದುಃಖ, ಅವಮಾನಗಳು ಅದನ್ನು ತಡೆಯುತ್ತವೆ. ಕೂಸನ್ನು ಕಂಡರೂ ಮುಟ್ಟಿದರೂ ನೆನೆದರೂ ಹಾಲು ಹರಿಯುವುದೆಂದೂ, ಕೋಪ ಶೋಕಗಳಿಂದ ಅದು ಕುಂದುವುದೆಂದೂ ಸುಶ್ರುತ ಸಂಹಿತೆಯಲ್ಲಿ ಹೇಳಿರುವುದನ್ನು ಇಲ್ಲಿ ನೆನೆಯಬಹುದು. ಮೊದಲ ಹಾಲಿನ ವಿಷಯದಲ್ಲಿ ತಡಮಾಡಿಸಿದ ಗ್ರಂಥವೇ ಈ ವಿಷಯದಲ್ಲಿ ಟ್ರೂಬಿ ಕಿಂಗನಿಗಿಂತ ಸತ್ಯಕ್ಕೆ ಹತ್ತಿರವಿದ್ದಿತು.

ಡಬ್ಬಿಯ ಹಾಲು ಬೇಗನೆ ಯೂರೋಪನ್ನು ದಾಟಿ ಆಫ್ರಿಕ ಏಷ್ಯ ಖಂಡಗಳ ಪೇಟೆಗಳಿಗೆ ಬಂದಿತು. ಶುದ್ಧವಾದ ನೀರಿಲ್ಲದ, ಸೌದೆ ಸಾಲದ, ಡಬ್ಬಿಯ ಮೇಲಣ ಬರಹವನ್ನು ಓದಲಾರದ ಮನೆಗಳಲ್ಲಿ ಅದು ಯಮದೂತನಾಯಿತು. ಬೆಲೆ ಹೆಚ್ಚಾದುದರಿಂದ ನಾಲ್ಕು ದಿನದ ಪುಡಿಯನ್ನು ಎಂಟು ದಿನಕ್ಕೆ ಎಳೆದರು. ನೀರು ಹೆಚ್ಚಿತು, ಕೂಸು ಬತ್ತಿತು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು 1939ರಲ್ಲಿ ಸಿಂಗಪುರದ ರೋಟರಿ ಸಂಘದಲ್ಲಿ ‘ಹಾಲು ಮತ್ತು ಕೊಲೆ’ ಎಂಬ ಉಪನ್ಯಾಸವನ್ನು ಕೊಟ್ಟು, ಸುಳ್ಳು ಪ್ರಚಾರದಿಂದ ಎದೆಹಾಲನ್ನು ಬಿಡಿಸುವುದು ಕೊಲೆಗೆ ಸಮವೆಂದು ಧೈರ್ಯವಾಗಿ ಹೇಳಿದಳು. ಆ ಮಾತಿಗೆ ಲೋಕವು ಕಿವಿಗೊಡಲು ಮೂವತ್ತೈದು ವರ್ಷ ಬೇಕಾಯಿತು. 1974ರಲ್ಲಿ ಇಂಗ್ಲೆಂಡಿನಲ್ಲಿ ಇದೇ ವಿಷಯವಾಗಿ ಒಂದು ಕಿರುಹೊತ್ತಗೆ ಹೊರಟು ಕೋಲಾಹಲವೆಬ್ಬಿಸಿತು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಸರಕುಗಳ ಬಹಿಷ್ಕಾರವು ಮೊದಲಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ಒಂದು ನಿಯಮಾವಳಿಯನ್ನು ಅಂಗೀಕರಿಸಿತು. ಪರವಾಗಿ 118 ಮತಗಳು ಬಿದ್ದುವು. ವಿರುದ್ಧವಾಗಿ ಬಿದ್ದ ಒಂದೇ ಮತ ಅಮೆರಿಕ ಸಂಯುಕ್ತ ಸಂಸ್ಥಾನದ್ದು. ಭಾರತವು 1992ರಲ್ಲಿ ಈ ಸರಕುಗಳ ಮತ್ತು ಹಾಲುಸೀಸೆಗಳ ಜಾಹೀರಾತನ್ನೂ, ತಾಯಂದಿರಿಗೆ ಮಾದರಿ ಡಬ್ಬಿಗಳನ್ನು ಬಿಟ್ಟಿಯಾಗಿ ಹಂಚುವುದನ್ನೂ ನಿಷೇಧಿಸುವ ಶಾಸನವನ್ನು ಮಾಡಿ, 2003ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಿತು.

ಈ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾತ್ರವುಂಟು. ಹಿಂದೆ ರಾಜಕುಮಾರಿಯ ಅರಮನೆಯಾಗಿದ್ದ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದ ವಿಜ್ಞಾನಿಗಳು, ಜಿಡ್ಡು ಹೆಚ್ಚಾಗಿರುವ ಎಮ್ಮೆಯ ಹಾಲಿನಿಂದಲೂ ಶಿಶುಗಳಿಗೆ ಜೀರ್ಣವಾಗುವ ಪುಡಿಯನ್ನು ಮಾಡಬಹುದೆಂದು ತೋರಿಸಿಕೊಟ್ಟರು. ಗುಜರಾತಿನ ಆಣಂದದ ಸಹಕಾರ ಸಂಘವು ಅದನ್ನು ಅಮುಲ್ ಎಂಬ ಹೆಸರಿನಿಂದ ಪೇಟೆಗೆ ತಂದಿತು. ಪರದೇಶದ ಡಬ್ಬಿಗಾಗಿ ಕಾಯುತ್ತಿದ್ದ ದೇಶಕ್ಕೆ ಅದು ಸಣ್ಣ ಸಾಧನೆಯಲ್ಲ. ಎದೆಹಾಲಿಲ್ಲದ ಕೂಸಿಗೆ ಅಂಥ ಪುಡಿಯೇ ಪ್ರಾಣ. ಆದುದರಿಂದ ಪುಡಿಯನ್ನೇ ದ್ವೇಷಿಸುವುದು ವಿವೇಕವಲ್ಲ. ಹಾಲಿರುವ ತಾಯಿಗೆ ಹಾಲಿಲ್ಲವೆಂದು ನಂಬಿಸುವುದೇ ದೋಷ.

ಕೊನೆಯದಾಗಿ ನಮ್ಮ ಇಂದಿನ ಸ್ಥಿತಿಯನ್ನು ನೋಡೋಣ. ಮೊದಲ ಆರು ತಿಂಗಳು ಕೂಸಿಗೆ ಎದೆಹಾಲು ಬಿಟ್ಟು ನೀರೂ ಬೇಡವೆಂಬುದು, ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಾಕಬೇಕೆಂಬುದು, ವರ್ಷ ತುಂಬುವವರೆಗೆ ಜೇನು ಸಲ್ಲದೆಂಬುದು ಈಗಿನ ವೈದ್ಯಮತ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದವರು ನೂರಕ್ಕೆ 46.4. 2019–21ರ ಸಮೀಕ್ಷೆಯಲ್ಲಿ ಅದು 63.7ಕ್ಕೆ ಏರಿತು. ಇದು ಸಂತೋಷದ ವಿಷಯ. ಅದೇ ಸಮೀಕ್ಷೆಯ ಬೇರೆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಮಾತ್ರ ಯೋಚನೆಗೆ ಎಡೆಯಾಗುತ್ತದೆ. ನೂರಕ್ಕೆ 88.6 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದುವು. ಒಂದು ಗಂಟೆಯೊಳಗೆ ಮೊಲೆಯುಂಡ ಕೂಸುಗಳು ನೂರಕ್ಕೆ 41.8 ಮಾತ್ರ. ಹೆರಿಗೆಯು ಅಜ್ಜಿಯ ಕೈಯಿಂದ ವೈದ್ಯರ ಕೈಗೆ ಬಂದಮೇಲೂ ತಡವು ತಪ್ಪಲಿಲ್ಲವೆಂದ ಮೇಲೆ ಅಜ್ಜಿಯೊಬ್ಬಳನ್ನೇ ದೂರುವುದು ನ್ಯಾಯವಲ್ಲ. ಶಸ್ತ್ರಚಿಕಿತ್ಸೆಯ ಹೆರಿಗೆಗಳು ನೂರಕ್ಕೆ 21.5ರಷ್ಟಿದ್ದುವು, ಕೂಸನ್ನು ತಾಯಿಯಿಂದ ಬೇರ್ಪಡಿಸಿ ಇಡುವ ಕಡೆಗಳೂ ಉಂಟು. ಆಯಾಸಗೊಂಡ ತಾಯಿಯ ಪಕ್ಕದಲ್ಲಿ ನಿಂತು ಕೂಸನ್ನು ಹಿಡಿಯುವ ಬಗೆಯನ್ನು ತೋರಿಸಿಕೊಡುವ ಕೈಗಳು ಸಾಲವು.

ಈ ಸಂದರ್ಭದಲ್ಲಿ ನಮ್ಮ ಬಾಣಂತನದ ಪದ್ಧತಿಯನ್ನು ಹೊಸದಾಗಿ ಪರೀಕ್ಷಿಸುವುದು ಉಚಿತ. ಅದರಲ್ಲಿ ತೊರೆಯತಕ್ಕದ್ದು ಗಿಣ್ಣುಹಾಲನ್ನು ಚೆಲ್ಲುವುದು, ಸಕ್ಕರೆ ನೀರು, ಹರಳೆಣ್ಣೆ ಮತ್ತು ಜೇನು. ಉಳಿಸಿಕೊಳ್ಳತಕ್ಕದ್ದು ಇದಕ್ಕಿಂತ ದೊಡ್ಡದು. ತವರಿಗೆ ಬಂದ ಮಗಳಿಗೆ ತಿಂಗಳುಗಟ್ಟಲೆ ವಿಶ್ರಾಂತಿ. ಸಬ್ಬಸಿಗೆ ಸೊಪ್ಪು ಬೆಳ್ಳುಳ್ಳಿಗಳ ಬಿಸಿಯೂಟ. ಎಡೆಬಿಡದೆ ಜೊತೆಗಿರುವ ಕೂಸು. ಹಾಲು ಬರಲು ತಡವಾದರೆ ಹೆದರಬೇಡವೆಂದು ಹೇಳುವ ತಾಯಿ. ಪಿಯೆರ್ ಬುದಾಂ ಆಸ್ಪತ್ರೆಯಲ್ಲಿಯೂ ಬೋಮಾರ್ಶೆ ತನ್ನ ಹಣದಿಂದಲೂ ಕೊಡಲು ಯತ್ನಿಸಿದ ಬಿಡುವು, ಬೆಂಬಲಗಳನ್ನು ನಮ್ಮ ಮನೆಗಳು ಸದ್ದಿಲ್ಲದೆ ಕೊಡುತ್ತಿದ್ದುವು. ಆದರೆ ಎಲ್ಲರಿಗೂ ಕೊಡುತ್ತಿರಲಿಲ್ಲ. ಹೊಲದ ಕೂಲಿಗೆ ಹೋಗುವವಳ ಬಾಣಂತನ ಕೆಲವೇ ದಿನಗಳಲ್ಲಿ ಮುಗಿಯುತ್ತಿತ್ತು. ಮರದ ಕೊಂಬೆಗೆ ಕಟ್ಟಿದ ಜೋಳಿಗೆಯೇ ಕೂಸಿಗೆ ತೊಟ್ಟಿಲಾಗುತ್ತಿತ್ತು. 1961ರ ಹೆರಿಗೆ ಸೌಲಭ್ಯದ ಶಾಸನವು ದುಡಿಯುವ ತಾಯಿಗೆ ವೇತನಸಹಿತ 12 ವಾರಗಳ ರಜೆಯನ್ನೂ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಲು ಬಿಡುವನ್ನೂ ಕೊಟ್ಟಿತು. 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳ ಹೆರಿಗೆಗೆ ರಜೆಯನ್ನು 26 ವಾರಗಳಿಗೆ ಏರಿಸಿ, 50 ಮಂದಿಗಿಂತ ಕಡಮೆಯಿಲ್ಲದ ಕಾರ್ಯಾಲಯಗಳಲ್ಲಿ ಶಿಶುವಿಹಾರವನ್ನು ಕಡ್ಡಾಯಮಾಡಿತು. ಇಪ್ಪತ್ತಾರು ವಾರವೆಂದರೆ ಆರು ತಿಂಗಳು; ವೈದ್ಯಮತವೂ ಶಾಸನವೂ ಇಲ್ಲಿ ಕೈಕೈ ಹಿಡಿದಿವೆ. ಆದರೆ ಮನೆಗೆಲಸದವಳಿಗೂ ಹೊಲದ ಕೂಲಿಯವಳಿಗೂ ಕಟ್ಟಡದ ಕಲ್ಲು ಹೊರುವವಳಿಗೂ ಆ ರಜೆಯನ್ನು ಕೊಡತಕ್ಕ ಧಣಿ ಯಾರು? ನಮ್ಮ ನಾಡಿನ ದುಡಿಯುವ ಹೆಂಗಸರಲ್ಲಿ ಬಹುಭಾಗ ಇಂಥವರೇ.

ಈ ಚರಿತ್ರೆಯಿಂದ ಕಲಿಯತಕ್ಕ ಪಾಠ ಬಹು ಸರಳವಾದುದು. ಉಪದೇಶವನ್ನು ಎರಡು ಸಾವಿರ ವರ್ಷ ಮಾಡಿದ್ದಾಗಿದೆ. ಅದರಲ್ಲಿ ಅರ್ಧ ತಪ್ಪಾಗಿತ್ತು, ಸರಿಯಾಗಿದ್ದ ಅರ್ಧವು ಬಿಡುವಿಲ್ಲದವಳ ಕಿವಿಗೆ ಬೀಳಲಿಲ್ಲ. ಬೋಮಾರ್ಶೆ ತುಂಬಿಕೊಟ್ಟ ಕೂಲಿ, ಲ್ಯಾಂಕಷೈರಿನ ತಾಯಿಗೆ ಸಿಕ್ಕಿದ ಬಿಡುವು, ತವರಿನ ಹಿತವಾದ ಕೈ, ಸುಳ್ಳು ಹೇಳದ ಪೇಟೆ, ಇವು ಇದ್ದಲ್ಲಿ ಹಾಲು ತಾನಾಗಿ ಹರಿದಿದೆ. ಇಷ್ಟಾದರೂ ಕೆಲವು ತಾಯಂದಿರಿಗೆ ಸಾಧ್ಯವಾಗದೆ ಹೋದೀತು. ಅಂಥವಳಿಗೆ ಬೇಕಾದುದು ವೈದ್ಯರ ನೆರವೇ ಹೊರತು ನೆರೆಹೊರೆಯ ತೀರ್ಪಲ್ಲ. ಕೂಸಿಗೆ ಊಡುವವಳು ತಾಯಿಯೇ. ಆದರೆ ಅವಳು ನೆಮ್ಮದಿಯಿಂದ ಕುಳಿತು ಊಡುವಂತೆ ನೋಡಿಕೊಳ್ಳುವ ಹೊಣೆ ಗಂಡನದು, ಅತ್ತೆಯದು, ವೈದ್ಯರದು, ಧಣಿಯದು, ಸರ್ಕಾರದ್ದು. ಮುಂದೆ ಈ ಚರಿತ್ರೆಯನ್ನು ಬರೆಯುವವರು ಈ ಐವರ ಲೆಕ್ಕವನ್ನು ಮೊದಲು ಕೇಳಲಿ. ತಾಯಿಯ ಲೆಕ್ಕವನ್ನು ಆಮೇಲೆ ಕೇಳಿದರೆ ಸಾಕು.